ಒಂಗೋಲಿನ ಬ್ಯಾಪ್ಟಿಸ್ಟ್ ಸಭೆ ಬರಗಾಲದ ಕೂಸೇ?

ಪ್ರಶ್ನೆ — ಹಗರಿದಂಡೆ

ಈಗಿನ ಪ್ರಕಾಶಂ ಜಿಲ್ಲೆಯ ಹಳ್ಳಿಗಳಲ್ಲಿ ಹುಟ್ಟಿ, ಒಂಗೋಲು ಸಭೆ ಎಂದು ಹೆಸರಾದ ತೆಲುಗು ಬ್ಯಾಪ್ಟಿಸ್ಟ್ ಕ್ರೈಸ್ತ ಸಮುದಾಯದ ಆರಂಭದ ವರ್ಷಗಳ ಕುರಿತು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ನಮ್ಮ ಬಳ್ಳಾರಿಯ ಕಡೆಯವರಿಗೆ ಇದು ತೀರ ದೂರದ ವಿಷಯವೇನಲ್ಲ. ಬಳ್ಳಾರಿಯೂ ಒಂಗೋಲೂ ಆಗ ಒಂದೇ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾ ಬರ, ಅಂದರೆ 1876ರಿಂದ 1878ರವರೆಗಿನ ಕ್ಷಾಮ, ಎರಡೂ ಸೀಮೆಗಳನ್ನು ಹಿಂಡಿಹಾಕಿತು.

ನಾನು ಓದಿರುವ ಬರಹಗಳೆಲ್ಲ ಹೆಚ್ಚುಕಡಿಮೆ 1878ರ ಜುಲೈ 3ರಿಂದಲೇ ಆರಂಭವಾಗುತ್ತವೆ. ಅಂದು ಒಂದೇ ದಿನದಲ್ಲಿ 2,222 ಮಂದಿ ಗುಂಡ್ಲಕಮ್ಮ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದರು ಎಂಬುದು ಪ್ರಸಿದ್ಧ. ಭಕ್ತರು ಇದನ್ನು ಪವಾಡವೆನ್ನುತ್ತಾರೆ. ಟೀಕಿಸುವವರು ಗಂಜಿಗಾಗಿ ನಡೆದ ಮತಾಂತರವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಇಬ್ಬರ ಮಾತಿನಲ್ಲೂ ಆ ಹೊಳೆಯಲ್ಲಿ ಇಳಿದ ಜನ ಯಾರು, ಅಲ್ಲಿಯವರೆಗೆ ಅವರನ್ನು ಕರೆತಂದವರು ಯಾರು ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ಆದ್ದರಿಂದ ಎರಡು ಸಂಗತಿಗಳನ್ನು ಕೇಳುತ್ತಿದ್ದೇನೆ. ಬರಕ್ಕೆ ಮೊದಲು ಅಲ್ಲಿ ಸಭೆ ಎಂಬುದು ಇತ್ತೇ, ಇದ್ದರೆ ಅದನ್ನು ಕಟ್ಟಿದವರು ಯಾರು? ಇನ್ನೊಂದು, ಬ್ಯಾಪ್ಟಿಸ್ಟರ ನಿಯಮಕ್ಕೆ ಸಂಬಂಧಿಸಿದ್ದು. ಮಂಗಳೂರು, ಧಾರವಾಡಗಳ ಬಾಸೆಲ್ ಮಿಷನ್ ಪರಂಪರೆಯ ಸಭೆಗಳಲ್ಲಿ ಹಸುಳೆಗಳಿಗೂ ದೀಕ್ಷಾಸ್ನಾನ ಕೊಡುವ ರೂಢಿಯಿದೆ. ಬ್ಯಾಪ್ಟಿಸ್ಟರು ಹಾಗಲ್ಲ, ತಿಳಿವಳಿಕೆ ಬಂದವರು ತಮ್ಮ ನಂಬಿಕೆಯನ್ನು ತಾವೇ ಬಾಯಿಬಿಟ್ಟು ಹೇಳಿ, ನೀರಿನಲ್ಲಿ ಪೂರ್ತಿ ಮುಳುಗಿ ಎದ್ದರೆ ಮಾತ್ರ ಅವರನ್ನು ಸಭೆಗೆ ಸೇರಿಸಿಕೊಳ್ಳುತ್ತಾರೆ. ಒಬ್ಬೊಬ್ಬರ ಸ್ವಂತ ನಂಬಿಕೆಯನ್ನೇ ಆಧಾರವಾಗಿಟ್ಟುಕೊಂಡ ಪಂಥವೊಂದು ಕೇರಿಗೆ ಕೇರಿಯನ್ನೇ ಒಳಗೆ ಬಿಟ್ಟುಕೊಂಡದ್ದು ಹೇಗೆ?


ಉತ್ತರ — ಚರಿತ್ರೆಯ ವಿದ್ಯಾರ್ಥಿ

ಸಭೆ ಬರಕ್ಕಿಂತ ಸುಮಾರು ಹತ್ತು ವರ್ಷ ಹಿರಿದು. ಅದರ ಬೇರು ಕೂಡ ಒಂಗೋಲು ಪಟ್ಟಣದ ಮಿಷನ್ ಬಂಗಲೆಯಲ್ಲಿಲ್ಲ. ಪಟ್ಟಣದ ಪಶ್ಚಿಮಕ್ಕೆ, ಒಳನಾಡಿನಲ್ಲಿದ್ದ ತಾಳ್ಳಕೊಂಡಪಾಡು ಎಂಬ ಹಳ್ಳಿಯ ಮಾದಿಗರ ಕೇರಿಯಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಮಿಷನ್ನಿನ ಪೂರ್ವಕಥೆಯನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಬ್ಯಾಪ್ಟಿಸ್ಟರ ಪರವಾಗಿ ಸ್ಯಾಮ್ಯುಯೆಲ್ ಡೇ 1836ರಲ್ಲಿ ತೆಲುಗು ಸೀಮೆಗೆ ಬಂದು, 1840ರಲ್ಲಿ ನೆಲ್ಲೂರಿನಲ್ಲಿ ನೆಲೆ ನಿಂತರು. ಇಪ್ಪತ್ತೈದು ವರ್ಷ ದುಡಿದರೂ ಸಿಕ್ಕ ಫಲ ಕೈಬೆರಳೆಣಿಕೆಯಷ್ಟು. ಮಿಷನ್ನನ್ನು ಮುಚ್ಚಿಬಿಡುವ ಪ್ರಸ್ತಾಪ ಅಮೆರಿಕದ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. 1853ರಲ್ಲಿ ಆಲ್ಬನಿಯಲ್ಲಿ ನಡೆದ ಚರ್ಚೆಯ ಅನಂತರ ನೆಲ್ಲೂರಿಗೆ ‘ಒಂಟಿ ನಕ್ಷತ್ರ’ ಎಂಬ ಹೆಸರೇ ಅಂಟಿಕೊಂಡಿತು. 1854ರ ಜನವರಿ 1ರ ಬೆಳಗ್ಗೆ ನೆಲ್ಲೂರಿನ ಮಿಷನರಿ ಲೈಮನ್ ಜೂಯೆಟ್, ಅವರ ಪತ್ನಿ ಹಾಗೂ ಕೆಲವು ತೆಲುಗು ಕ್ರೈಸ್ತರು ಒಂಗೋಲಿನ ಗುಡ್ಡ ಹತ್ತಿ, ಈ ಊರಿಗೊಬ್ಬ ಬೋಧಕನನ್ನು ಕಳುಹಿಸು ಎಂದು ಪ್ರಾರ್ಥಿಸಿದರಂತೆ. ಹನ್ನೆರಡು ವರ್ಷ ಕಳೆದ ಮೇಲೆ, 1866ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಅಲ್ಲಿಗೆ ಬಂದು ಇಳಿದರು. 1867ರ ಜನವರಿ 1ರಂದು ಎಂಟೇ ಎಂಟು ಸದಸ್ಯರಿಂದ ಒಂಗೋಲು ಸಭೆ ವಿಧಿವತ್ತಾಗಿ ಸ್ಥಾಪನೆಯಾಯಿತು.

ಇಷ್ಟು ದಾಖಲೆಯ ಮಾತು. ಅಸಲು ಕಥೆ ಯರ್ರಗುಂಟ್ಲ ಪೆರಯ್ಯ ಎಂಬುವರದು. ಅವರು ಮಾದಿಗರು, ತೊಗಲಿನ ವ್ಯಾಪಾರ ಅವರ ಕಸುಬು. ತೊಗಲು ಕೊಳ್ಳಲು ಊರೂರು ತಿರುಗಬೇಕು, ಪ್ರತಿ ಊರಿನ ಕೇರಿಯಲ್ಲೂ ಇಳಿದುಕೊಳ್ಳಲು ಒಂದು ಮನೆ ಬೇಕು; ಹೀಗಾಗಿ ಬೀಗತನ, ನೆಂಟಸ್ತಿಕೆ, ಸಾಲ-ಕೊಡುಗೆಗಳ ಒಂದು ದೊಡ್ಡ ಬಲೆಯೇ ಅವರ ಸುತ್ತ ಹೆಣೆದುಕೊಂಡಿತ್ತು. ವ್ಯಾಪಾರಕ್ಕಾಗಿ ಉತ್ತರದಲ್ಲಿ ಏಲೂರಿನ ಕಡೆಗೆ ಹೋಗಿದ್ದಾಗ ಕ್ರೈಸ್ತ ಬೋಧನೆಯನ್ನು ಮೊದಲು ಕೇಳಿದರು, ಊರಿಗೆ ಮರಳಿ ಬಂದವರು ನೆಂಟರಿಷ್ಟರ ನಡುವೆ ಅದನ್ನೇ ಹೇಳತೊಡಗಿದರು. ಕ್ಲಫ್ ಒಂಗೋಲಿನಲ್ಲಿ ನೆಲೆಸುವ ಮೊದಲೇ ಪೆರಯ್ಯನವರ ಮಾತಿಗೆ ಕಿವಿಗೊಡುವ ಜನ ಹಳ್ಳಿಗಳಲ್ಲಿದ್ದರು.

ಕನ್ನಡ ಓದುಗರಿಗೆ ವಿಶೇಷವೆನಿಸುವ ಇನ್ನೊಂದು ಅಂಶವಿದೆ. ಪೆರಯ್ಯನವರು ಯಾವ ಗುರುವೂ ಇಲ್ಲದೆ ಅಲೆಯುತ್ತಿದ್ದವರಲ್ಲ. ವೀರಮ್ಮ ಎಂಬ ಗುರುವಿನಿಂದ ಅವರಿಗೆ ರಾಜಯೋಗದ ಉಪದೇಶವಾಗಿತ್ತು. ಆ ಸೀಮೆಯ ಮಾದಿಗರಲ್ಲಿ ಪೋತುಲೂರಿ ವೀರಬ್ರಹ್ಮೇಂದ್ರರ ಪರಂಪರೆಯೂ ಹರಡಿತ್ತು. ಕಾಲಜ್ಞಾನದ ಆ ಹೆಸರು ನಮ್ಮ ಗಡಿ ಜಿಲ್ಲೆಗಳಲ್ಲಿಯೂ ಅಪರಿಚಿತವಲ್ಲ. ವಿಗ್ರಹಪೂಜೆಯಿಂದ ಮುಕ್ತಿಯಿಲ್ಲ, ಜಾತಿಯ ಹಮ್ಮು ಸುಳ್ಳು, ಗುರುವಿನ ಬಾಯಿಂದ ಬಂದ ಮಾತು ದೊಡ್ಡದು ಎಂಬ ವಿಚಾರಗಳು ಈ ಜನಕ್ಕೆ ಹಳೆಯವೇ. ಕ್ಲಫರ ಎರಡನೆಯ ಪತ್ನಿ ಎಮ್ಮಾ ರೌಶೆನ್‌ಬುಶ್ ಮುಂದೆ ಮಾದಿಗ ಹಿರಿಯರ ಬಾಯಿಂದ ಈ ಸಂಗತಿಗಳನ್ನು ಕೇಳಿ ಬರೆದಿಡದೇ ಹೋಗಿದ್ದರೆ, ಮಿಷನ್ನಿನ ವರದಿಗಳನ್ನಷ್ಟೇ ನೋಡಿ, ಕತ್ತಲಲ್ಲಿದ್ದವರಿಗೆ ಹೊರಗಿನಿಂದ ದೀಪ ಬಂತು ಎಂದು ನಾವೆಲ್ಲ ನಂಬಿಕೊಂಡಿರುತ್ತಿದ್ದೆವು.

1867ರ ಜನವರಿಯಲ್ಲಿಯೇ ಕ್ಲಫ್ ತಾಳ್ಳಕೊಂಡಪಾಡಿಗೆ ಹೋಗಿ, ಹುಣಿಸೆ ತೋಪಿನಲ್ಲಿ ಡೇರೆ ಹಾಕಿದರು. ಪೆರಯ್ಯನವರು ಮೊದಲೇ ಹೇಳಿಕಳುಹಿಸಿದ್ದರಿಂದ ಸುತ್ತಲ ಹಳ್ಳಿಗಳ ಗಂಡಸರು, ಹೆಂಗಸರು ಹಲವು ದಿನಗಳಿಗಾಗುವಷ್ಟು ಬುತ್ತಿಯನ್ನೂ ದೀಕ್ಷಾಸ್ನಾನದ ಅನಂತರ ಉಟ್ಟುಕೊಳ್ಳಲು ಬಟ್ಟೆಯನ್ನೂ ಕಟ್ಟಿಕೊಂಡೇ ಬಂದಿದ್ದರು. ತೋಪಿನ ನೆರಳಿನಲ್ಲಿ ಕೆಲವು ದಿನ ಪಾಠ, ಪ್ರಶ್ನೆ, ಪ್ರಾರ್ಥನೆ ನಡೆದ ಮೇಲೆ 28 ಮಂದಿ ದೀಕ್ಷಾಸ್ನಾನ ಪಡೆದರು. ಎಂಟು ಜನರ ಸಭೆ ಒಂದೇ ತಿಂಗಳಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು ಬೆಳೆಯಿತು, ಮತ್ತು ಹಾಗೆ ಬಂದವರೆಲ್ಲ ಹಳ್ಳಿಯವರು.

ಅಲ್ಲಿಂದ ಮುಂದೆ ಎರಡು ದಾರಿಗಳಿದ್ದವು. ಒಂಗೋಲಿನ ಮೇಲ್ಜಾತಿಯವರಲ್ಲಿ ಕೆಲವರಿಗೆ ಮಿಷನ್ ಶಾಲೆಯ ಮೇಲೂ ಹೊಸ ಬೋಧನೆಯ ಮೇಲೂ ಆಸಕ್ತಿಯಿತ್ತು. ಆದರೆ ಮಾದಿಗರನ್ನು ಸೇರಿಸಿಕೊಂಡರೆ ತಾವು ಬರುವುದಿಲ್ಲ ಎಂಬುದು ಅವರ ಷರತ್ತು. ಕ್ಲಫ್ ದಂಪತಿಗಳು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಬೈಬಲನ್ನು ತೆರೆದಾಗ ಇಬ್ಬರಿಗೂ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಒಂದೇ ಭಾಗ, ಲೋಕದಲ್ಲಿ ಹೀನರೆನಿಸಿಕೊಂಡವರನ್ನು ದೇವರು ಆರಿಸಿಕೊಂಡನು ಎಂಬ ಮಾತು, ಕಣ್ಣಿಗೆ ಬಿತ್ತು ಎಂದು ಕಥೆ ಹೇಳುತ್ತದೆ. ಕಥೆಗೆ ಸ್ವಲ್ಪ ಒಪ್ಪ ಕೊಟ್ಟಿರಬಹುದು. ಅದೇನೇ ಇರಲಿ, ಅವರು ಮಾದಿಗರ ಪರ ನಿಂತರು, ಮೇಲ್ಜಾತಿಯ ಹುಡುಗರು ಶಾಲೆ ಬಿಟ್ಟರು, ಒಂಗೋಲು ಸಭೆ ಕೇರಿಗಳ ಸಭೆಯಾಯಿತು. ಬರ ಬೀಳುವ ಹೊತ್ತಿಗೆ ಅದರ ಸದಸ್ಯರ ಸಂಖ್ಯೆ ಮೂರು ಸಾವಿರವನ್ನು ಮುಟ್ಟುತ್ತಿತ್ತು.


ಉತ್ತರ — ಕೆರೆಏರಿ

ಪೆರಯ್ಯನವರ ಪಾತ್ರವನ್ನು ಒಪ್ಪುತ್ತೇನೆ. ಆದರೆ ಹತ್ತು ವರ್ಷಗಳಲ್ಲಿ ಸುಮಾರು ಮೂರು ಸಾವಿರ ಜನ ಸೇರಿದ ಸಭೆಗೆ 1878ರ ಒಂದೇ ವರ್ಷದಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿ ಹೊಸಬರು ಬಂದರೆಂದ ಮೇಲೆ ಬರವನ್ನು ಬದಿಗಿಟ್ಟು ಲೆಕ್ಕ ಹಾಕಲು ಸಾಧ್ಯವಿಲ್ಲ. ಅದೇ ಬರದ ಹೊಡೆತಕ್ಕೆ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷವನ್ನು ಮೀರಿದ್ದದ್ದು 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಅಂಥ ಕಾಲದಲ್ಲಿ ಅನ್ನಕ್ಕೂ ನಂಬಿಕೆಗೂ ನಡುವೆ ಗೆರೆ ಎಳೆಯುವುದು ಹೊಟ್ಟೆ ತುಂಬಿದವರ ಕೆಲಸ.

ಇಲ್ಲಿ ನೋಡಬೇಕಾದದ್ದು ಬಕಿಂಗ್‌ಹ್ಯಾಂ ಕಾಲುವೆ. ಸರ್ಕಾರ ಕ್ಷಾಮ ಪರಿಹಾರದ ಕಾಮಗಾರಿಯಾಗಿ ಕರಾವಳಿಯುದ್ದಕ್ಕೂ ಈ ಕಾಲುವೆಯನ್ನು ತೋಡಿಸುತ್ತಿದ್ದಾಗ, ಕ್ಲಫ್ ಮೂರೂವರೆ ಮೈಲಿಯಷ್ಟು ಭಾಗವನ್ನು ತಾವೇ ಗುತ್ತಿಗೆ ಹಿಡಿದರು. ಮಿಷನರಿಯಾಗುವ ಮೊದಲು ಅಮೆರಿಕದ ಮಿನೆಸೋಟದಲ್ಲಿ ಭೂಮಾಪಕರಾಗಿ ದುಡಿದಿದ್ದವರಾದ್ದರಿಂದ ಈ ಕೆಲಸ ಅವರಿಗೆ ಹೊಸದಾಗಿರಲಿಲ್ಲ. ಬೇರೆ ಭಾಗಗಳಲ್ಲಿ ಮೇಸ್ತ್ರಿಗಳ ಬೈಗುಳ, ಹೊಡೆತ, ಕೂಲಿಯಲ್ಲಿ ಮೋಸ ಸಾಮಾನ್ಯವಾಗಿದ್ದಾಗ ಇಲ್ಲಿ ಮೇಲುಸ್ತುವಾರಿಗೆ ನಿಂತವರು ಸಭೆಯ ಮಾದಿಗ ಬೋಧಕರು. ಹಳ್ಳಿಯಿಂದ ಬಂದ ಮಾದಿಗನೊಬ್ಬ ತನ್ನದೇ ಜಾತಿಯವನ ಕೈಯಿಂದ ಪೂರ್ತಿ ಕೂಲಿ ಎಣಿಸಿಕೊಂಡು, ಮಧ್ಯಾಹ್ನದ ವಿರಾಮದಲ್ಲಿ ಅವನ ಬಾಯಿಂದಲೇ ಬೋಧನೆ ಕೇಳುತ್ತಾನೆ. ಕೂಲಿಯವರು ಬಂದುಹೋಗುತ್ತಿದ್ದದ್ದರಿಂದ ನೂರಾರು ಹಳ್ಳಿಗಳಿಗೆ ಈ ಸುದ್ದಿ ತಲುಪಿತು. ಬರವಿಲ್ಲದಿದ್ದರೆ ಆ ಹಳ್ಳಿಗಳನ್ನು ತಲುಪಲು ಪೆರಯ್ಯನವರಂಥವರಿಗೆ ಇನ್ನೂ ಇಪ್ಪತ್ತು ವರ್ಷ ಬೇಕಾಗುತ್ತಿತ್ತು.


ಉತ್ತರ — ಸಭಾಹಿರಿಯರ ಮಗ

ಮೇಲಿನ ಇಬ್ಬರ ಮಾತಿಗೂ ಸೇರಿಸಬೇಕಾದ ಒಂದು ಮುಖ್ಯ ಸಂಗತಿಯಿದೆ. ಕ್ಷಾಮದ ಕಾಮಗಾರಿ, ಧಾನ್ಯ ಹಂಚಿಕೆಗಳು ನಡೆಯುತ್ತಿದ್ದಾಗ ಕ್ಲಫ್ ಸುಮಾರು ಹದಿನೈದು ತಿಂಗಳು ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಕೇಳಿಕೊಂಡು ಬಂದವರನ್ನು ಹಿಂದಕ್ಕೆ ಕಳುಹಿಸಿದರು. 1878ರ ಜೂನ್‌ನಲ್ಲಿ ನೆರವು ನಿಲ್ಲಿಸುವ ಹೊತ್ತಿಗೆ, ಒಂಗೋಲಿಗೆ ಉತ್ತರದಲ್ಲಿ ಗುಂಡ್ಲಕಮ್ಮ ಹೊಳೆಯ ದಡದಲ್ಲಿರುವ ವೆಲ್ಲಂಪಲ್ಲಿಗೆ ಬೋಧಕರು ಹಳೆಯ ಕ್ರೈಸ್ತರನ್ನು ಮಾತ್ರ ಕರೆದುತರಬೇಕೆಂದು ಹೇಳಿದ್ದರು. ಸಾವಿರಾರು ಹೊಸಬರು ಕರೆಯದೆಯೇ ಬಂದರು. ಇನ್ನು ಹಣವೂ ಇಲ್ಲ, ಧಾನ್ಯವೂ ಇಲ್ಲ, ಹಿಂದಿರುಗಿ ಎಂದು ಕ್ಲಫ್ ಹೇಳಿದಾಗ, ತಮಗೆ ನೆರವು ಬೇಡ, ದುಡಿದು ತಿಂದವರೆಂಬುದಕ್ಕೆ ಕೈಯ ಬೊಕ್ಕೆಗಳೇ ಸಾಕ್ಷಿ, ಮುಂದಿನ ಬೆಳೆಯೂ ಕೈಕೊಟ್ಟರೆ ಸಾಯುತ್ತೇವೆ, ಸಾಯುವುದಾದರೆ ಕ್ರೈಸ್ತರಾಗಿ ಸಾಯುತ್ತೇವೆ ಎಂಬ ಅರ್ಥದ ಉತ್ತರ ಬಂತು ಎಂದು ಕ್ಲಫರೇ ಬರೆದಿದ್ದಾರೆ. ಇದು ಮಿಷನರಿಯ ಕಡೆಯ ಮಾತೆಂಬುದನ್ನು ಮರೆಯಬಾರದು. ಆದರೂ ಗಂಜಿಗಾಗಿ ಬಂದವರು ಗಂಜಿ ನಿಂತ ಮೇಲೆ ಬರುವುದೇಕೆ ಎಂಬುದಕ್ಕೆ ಟೀಕಾಕಾರರು ಉತ್ತರಿಸಬೇಕಾಗುತ್ತದೆ. ಕೆರೆಏರಿಯವರು ಹೇಳಿದ ಕಾಲುವೆಯ ನಂಟೇ ಆ ಉತ್ತರ ಎಂದು ನನಗನಿಸುತ್ತದೆ: ಆ ಜನ ಅಲ್ಲಿ ಕಂಡದ್ದು ಕೂಲಿಯನ್ನಷ್ಟೇ ಅಲ್ಲ, ತಮ್ಮವರು ತಲೆಯೆತ್ತಿ ನಿಂತ ರೀತಿಯನ್ನು.

ಇನ್ನು ಎರಡನೆಯ ಪ್ರಶ್ನೆ. ಒಬ್ಬೊಬ್ಬರೇ ನಂಬಿಕೆಯನ್ನು ಒಪ್ಪಿಕೊಳ್ಳಬೇಕು ಎಂಬ ನಿಯಮವನ್ನು ಒಂಗೋಲಿನಲ್ಲಿ ಸಡಿಲಿಸಲಿಲ್ಲ. ಪ್ರತಿ ಹಳ್ಳಿಯ ಬೋಧಕ ತನ್ನ ಕಡೆಯವರನ್ನು ವಿಚಾರಿಸಿ ಹೆಸರುಗಳ ಪಟ್ಟಿ ಸಿದ್ಧಪಡಿಸಬೇಕಿತ್ತು. ಹೊಳೆಯ ದಡದಲ್ಲಿ ಪಟ್ಟಿ ನೋಡಿ ಹೆಸರು ಕೂಗಿದ ಮೇಲೆಯೇ ನೀರಿಗಿಳಿಯಬೇಕಿತ್ತು. ಆದರೆ ಕೇರಿಯ ಬದುಕಿನಲ್ಲಿ ಒಂಟಿಯಾಗಿ ಯಾರೂ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಹಿರಿಯರು ಪಂಚಾಯಿತಿ ಕೂಡುತ್ತಾರೆ, ಮಾತು ಬೆಳೆಯುತ್ತದೆ, ಮನೆಗಳು ಒಟ್ಟಾಗುತ್ತವೆ ಇಲ್ಲವೇ ಎರಡಾಗುತ್ತವೆ. ಆ ಪಂಚಾಯಿತಿಯನ್ನು ಕ್ಲಫ್ ಒಡೆಯಲು ಹೋಗಲಿಲ್ಲ; ಸಭೆಯ ಶಿಸ್ತು, ಮದುವೆಯ ತಕರಾರು, ಜಗಳಗಳ ತೀರ್ಮಾನವನ್ನು ಅದೇ ಹಿರಿಯರ ಕೈಗೆ ಬಿಟ್ಟರು. ಅಮೆರಿಕದ ಹಳ್ಳಿಯೊಂದರ ಬ್ಯಾಪ್ಟಿಸ್ಟ್ ಸಭೆ ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳುವ ಪದ್ಧತಿಗೂ ಮಾದಿಗರ ಕುಲಪಂಚಾಯಿತಿಗೂ ಅಷ್ಟರಮಟ್ಟಿಗೆ ಹೊಂದಾಣಿಕೆಯಾಯಿತು.

ತೊಡಕು ಬಂದದ್ದು ಬೇರೆ ಕಡೆ. ಬ್ಯಾಪ್ಟಿಸ್ಟರ ಪ್ರಕಾರ ಸಭೆ ಎಂದರೆ ಒಂದು ಊರಿನಲ್ಲಿ ಮುಖಾಮುಖಿ ಸೇರುವ ಜನ. ಒಂಗೋಲಿನಲ್ಲಾದರೋ, ಹತ್ತಾರು ಮೈಲಿಗಳಾಚೆಯ ಹಳ್ಳಿಯಲ್ಲಿ ದೀಕ್ಷಾಸ್ನಾನವಾದವರ ಹೆಸರನ್ನೂ ಒಂಗೋಲಿನ ಪುಸ್ತಕದಲ್ಲಿಯೇ ಬರೆದುಕೊಳ್ಳುತ್ತಿದ್ದರು. 1880ರ ದಶಕದ ಆರಂಭದಲ್ಲಿ ಸದಸ್ಯರು ಇಪ್ಪತ್ತು ಸಾವಿರ ಮುಟ್ಟಿ, ಲೋಕದಲ್ಲೇ ದೊಡ್ಡ ಬ್ಯಾಪ್ಟಿಸ್ಟ್ ಸಭೆಯೆಂಬ ಖ್ಯಾತಿ ಬಂತು. ಖ್ಯಾತಿ ಕಾಗದದ್ದು. ನಿಜವಾದ ಸಭೆ ಬೇವಿನ ಮರದ ಬುಡದಲ್ಲೋ ಹುಲ್ಲು ಹೊದಿಸಿದ ಶಾಲೆಯಲ್ಲೋ ಸೇರುವ ಒಂದು ಹಿಡಿ ಮನೆಗಳು. ಬೋಧಕರು ಮೂರು ತಿಂಗಳಿಗೊಮ್ಮೆ ಒಂಗೋಲಿಗೆ ನಡೆದುಬಂದು, ತಮ್ಮ ಹಳ್ಳಿಗಳ ವರದಿ ಒಪ್ಪಿಸಿ, ಪಾಠ ಕಲಿತು ಹಿಂದಿರುಗುತ್ತಿದ್ದರು. ಆ ಒಂದು ದೊಡ್ಡ ಸಭೆಯನ್ನು ಹಲವು ಹಳ್ಳಿ ಸಭೆಗಳನ್ನಾಗಿ ಬೇರ್ಪಡಿಸುವ ಕೆಲಸ ಅದೇ ದಶಕದಲ್ಲಿ ನಡೆಯಿತು. ನನ್ನ ದೃಷ್ಟಿಯಲ್ಲಿ ಅದು ಇನ್ನೂ ಬೇಗ ಆಗಬೇಕಿತ್ತು. ಹಳ್ಳಿಯ ಹಿರಿಯರು ತಮ್ಮ ಪಾಲಕನನ್ನು ತಾವೇ ಆರಿಸಿ ಸಾಕುವ ಹೊಣೆ ಹೊರುವುದು ಅಷ್ಟೂ ವರ್ಷ ತಡವಾಯಿತು.


ಮರುಪ್ರಶ್ನೆ — ಹಗರಿದಂಡೆ

ಎಲ್ಲರಿಗೂ ಕೃತಜ್ಞತೆಗಳು. ಇನ್ನೆರಡು ವಿಷಯ ಸ್ಪಷ್ಟವಾದರೆ ಉಪಕಾರವಾಗುತ್ತದೆ. ಒಂದೇ ದಿನದಲ್ಲಿ 2,222 ಮಂದಿಯನ್ನು ನೀರಿನಲ್ಲಿ ಮುಳುಗಿಸುವುದು ಶಕ್ಯವೇ? ಹಾಗೂ ಸಭೆಗೆ ಸೇರಿದವರು ಹಳ್ಳಿಯಲ್ಲಿ ಹಿಂದಿನಂತೆಯೇ ಬದುಕಲು ಸಾಧ್ಯವಾಯಿತೇ?


ಉತ್ತರ — ಚರಿತ್ರೆಯ ವಿದ್ಯಾರ್ಥಿ

ಲೆಕ್ಕ ಸರಿಹೋಗುತ್ತದೆ. ಅಂದು ಬೆಳಗಿನ ಆರರಿಂದ ಹನ್ನೊಂದರವರೆಗೆ, ಮತ್ತೆ ಮಧ್ಯಾಹ್ನ ಎರಡರಿಂದ ಸಂಜೆ ಏಳರವರೆಗೆ, ಒಟ್ಟು ಹತ್ತು ಗಂಟೆ ಕೆಲಸ ನಡೆಯಿತು. ದೀಕ್ಷಾಸ್ನಾನ ಕೊಟ್ಟವರು ಆರು ಮಂದಿ ತೆಲುಗು ಬೋಧಕರು. ಒಮ್ಮೆಗೆ ಇಬ್ಬರು ಸೊಂಟಮಟ್ಟದ ನೀರಿನಲ್ಲಿ ನಿಲ್ಲುವರು. ಅವರು ದಣಿದಾಗ ಬೇರೆ ಇಬ್ಬರು ಇಳಿಯುವರು. ಭಾಗಿಸಿ ನೋಡಿದರೆ ಒಬ್ಬ ಬೋಧಕನಿಗೆ ನಿಮಿಷಕ್ಕೆ ಇಬ್ಬರಿಗಿಂತ ಕಡಿಮೆಯೇ ಬರುತ್ತದೆ. ಕ್ಲಫ್ ದಡದಲ್ಲಿದ್ದು ವ್ಯವಸ್ಥೆ ನೋಡಿಕೊಂಡರೇ ಹೊರತು, ಅಂದು ಒಬ್ಬರಿಗೂ ತಾವು ದೀಕ್ಷಾಸ್ನಾನ ಕೊಡಲಿಲ್ಲ. ಹಿಂದಿನ ದಿನ 614, ಮರುದಿನ 700 ಸೇರಿ ಮೂರು ದಿನಗಳ ಮೊತ್ತ 3,536. ಈ ಅಂಕಿಗಳನ್ನು ಮುದ್ರಿಸುವ ಬರಹಗಳು ನೀರಿನಲ್ಲಿ ನಿಂತ ಆ ಆರು ಜನರ ಹೆಸರನ್ನು ಮುದ್ರಿಸುವುದು ಅಪರೂಪ. ನನಗಿರುವ ದೊಡ್ಡ ತಕರಾರು ಅದೇ.

ಹಳ್ಳಿಯ ಬದುಕು ಮೊದಲಿನಂತೆ ಉಳಿಯಲಿಲ್ಲ. ಸೇರುವವರ ಮುಂದೆ ಕ್ಲಫ್ ಇಟ್ಟಿದ್ದ ಕಟ್ಟಳೆಗಳು ಮೂರೇ: ಭಾನುವಾರ ಕೆಲಸ ಮಾಡಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಗಳಿಗೆ ಪೂಜೆ ಸಲ್ಲಿಸಬಾರದು. ಕೇಳಲು ಸುಲಭ, ಆದರೆ ಒಂದೊಂದೂ ಊರಿನ ವ್ಯವಸ್ಥೆಯ ಬುಡಕ್ಕೇ ತಾಗುವಂಥದು. ಊರಿನ ಸತ್ತ ದನವನ್ನು ಹೊತ್ತೊಯ್ಯುವುದು, ಅದಕ್ಕೆ ಬದಲಾಗಿ ರೈತರಿಗೆ ಮೆಟ್ಟು, ಬಾರುಕೋಲು, ಕಪಿಲೆಯ ತೊಗಲ ಚೀಲ ಮಾಡಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ಪಡೆಯುವುದು ಎಲ್ಲವೂ ಒಂದಕ್ಕೊಂದು ಕಟ್ಟಿಕೊಂಡಿದ್ದವು. ಮಾದಿಗನಿಗೆ ವಾರದ ರಜೆ ಎಂಬುದು ಯಾವ ರೆಡ್ಡಿಯೂ ಯಾವ ಕರಣಂನೂ ಅದುವರೆಗೆ ಕೇಳಿರದ ಮಾತು. ಊರದೇವತೆಯ ಜಾತ್ರೆಯಲ್ಲಿ ತಮಟೆ ಬಾರಿಸಲು ಕ್ರೈಸ್ತ ಮಾದಿಗರು ಒಲ್ಲೆವೆಂದಾಗ ವೈಮನಸ್ಯ ಬಯಲಿಗೆ ಬಿತ್ತು. ಮಳೆ ಬಾರದಿದ್ದರೆ, ಸಿಡುಬು ಬಂದರೆ ಅದರ ಅಪವಾದವೂ ಅವರ ತಲೆಗೇ. ನೀರಿನ ದಾರಿ ಮುಚ್ಚುವುದು, ಕೂಲಿಗೆ ಕರೆಯದಿರುವುದು, ಸುಳ್ಳು ದೂರು ಕೊಡುವುದು ನಡೆದವು. ಕ್ಲಫ್ ಇಂಥ ಅಹವಾಲುಗಳನ್ನು ಇಂಗ್ಲಿಷ್ ಅಧಿಕಾರಿಗಳವರೆಗೆ ಒಯ್ದದ್ದುಂಟು, ಮತ್ತು ಕೇರಿಯ ಜನ ಅವರಲ್ಲಿ ಗುರುವಿನ ಜೊತೆಗೆ ಒಬ್ಬ ವಕೀಲನನ್ನೂ ಕಂಡಿದ್ದರೆ ಅದರಲ್ಲಿ ತಪ್ಪೇನಿಲ್ಲ.


ಉತ್ತರ — ಕೆರೆಏರಿ

ತಮಟೆಯ ವಿಷಯ ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಊರು ಈ ನಿರಾಕರಣೆಯನ್ನು ಅಷ್ಟು ದೊಡ್ಡದಾಗಿ ತೆಗೆದುಕೊಂಡದ್ದಕ್ಕೆ ಕಾರಣ ಭಕ್ತಿಯೊಂದೇ ಆಗಿರಲಾರದು. ತಮಟೆ, ಚಾಕರಿ, ಓಲೆ ಒಯ್ಯುವುದು, ಅಧಿಕಾರಿ ಬಂದಾಗ ಹೊರೆ ಹೊರುವುದು ಇವೆಲ್ಲ ಬಿಟ್ಟಿಯ ಲೆಕ್ಕದಲ್ಲಿ ಬರುತ್ತಿದ್ದವು. ಒಂದಕ್ಕೆ ಇಲ್ಲವೆಂದವನು ನಾಳೆ ಇನ್ನೊಂದಕ್ಕೂ ಇಲ್ಲವೆನ್ನುತ್ತಾನೆ ಎಂಬುದು ಊರಿನ ದೊಡ್ಡವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಬರಕ್ಕೆ ಮೊದಲ ಹತ್ತು ವರ್ಷಗಳಲ್ಲಿ ಸೇರಿದ ಆ ಸುಮಾರು ಮೂರು ಸಾವಿರ ಜನರ ವಿಷಯದಲ್ಲಿ ಗಂಜಿಯ ಆರೋಪ ನಿಲ್ಲುವುದೇ ಇಲ್ಲ. ಅವರಿಗೆ ಸಭೆಯಿಂದ ದಕ್ಕಿದ್ದಕ್ಕಿಂತ ಊರಿನಿಂದ ಕಳೆದುಹೋದದ್ದೇ ಆಗ ಹೆಚ್ಚಾಗಿತ್ತು. 1878ರವರ ವಿಷಯದಲ್ಲಿ ನನ್ನ ಹಿಂದಿನ ಮಾತಿಗೆ ಈಗಲೂ ಬದ್ಧನಾಗಿದ್ದೇನೆ.